ಬೂಮ್ ಹಿಡಿಯಲು ಜನರಿಲ್ಲದಾಗ: ಚಿತ್ರೀಕರಣದ ಜಾಗದಲ್ಲೇ ಕೋಲಿಗೆ ಸ್ಥಿರ ಆಧಾರ ಕಟ್ಟುವುದು ಹೇಗೆ?

ತೊಟ್ಟಿಮನೆ:

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಹಳೆಯ ಹೆಂಚಿನ ಮನೆಯಲ್ಲಿ ನಾವು ಮೂವರು ಸೇರಿ, ಎಂಬತ್ತು ದಾಟಿದ ಅಜ್ಜಿಯೊಬ್ಬರ ಸೋಬಾನೆ ಪದಗಳನ್ನೂ ಅವರ ಬದುಕಿನ ಮಾತುಗಳನ್ನೂ ಚಿತ್ರೀಕರಿಸುತ್ತಿದ್ದೇವೆ. ಒಬ್ಬರು ಕ್ಯಾಮೆರಾ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ಅಜ್ಜಿಯ ಎದುರು ಕುಳಿತು ಮಾತಾಡಿಸುತ್ತಾರೆ, ಧ್ವನಿಯ ಹೊಣೆ ನನ್ನದು. ಅಜ್ಜಿ ಒಮ್ಮೆ ಹಾಡಲು ತೊಡಗಿದರೆ ನಲವತ್ತು ನಿಮಿಷ ನಿಲ್ಲಿಸುವುದಿಲ್ಲ, ನಡುವೆ ತಡೆಯುವುದು ನಮಗೂ ಇಷ್ಟವಿಲ್ಲ.

ಮೊದಲ ದಿನ ಬೂಮನ್ನು, ಎಂದರೆ ತುದಿಗೆ ಮೈಕ್ ಸಿಕ್ಕಿಸಿ ಮಾತಾಡುವವರ ತಲೆಯ ಮೇಲೆ ಚಾಚುವ ಉದ್ದನೆಯ ಕೋಲನ್ನು, ನಾನೇ ಹಿಡಿದೆ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ತೋಳು ನಡುಗತೊಡಗಿತು, ಆ ನಡುಕ ಕೋಲಿನುದ್ದಕ್ಕೂ ಹರಿದು ಧ್ವನಿಯಲ್ಲಿ ಗುಡುಗುಡು ಎಂದು ಸೇರಿಕೊಂಡಿತು. ಎರಡನೆಯ ದಿನ ಕೋಲಿನ ಬುಡವನ್ನು ಲೈಟ್ ಸ್ಟ್ಯಾಂಡಿನ ತುದಿಗೆ ಗ್ಯಾಫರ್ ಟೇಪಿನಿಂದ ಸುತ್ತಿ ಬಿಗಿದೆ. ಅದು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯುತ್ತಾ ಬಂದು, ಕಾಲು ಗಂಟೆಯ ನಂತರ ಪದದ ನಟ್ಟನಡುವೆ ಮೈಕಿನ ಮೂತಿ ಚೌಕಟ್ಟಿನೊಳಗೆ ಬಂತು. ಅದನ್ನು ಎತ್ತಲು ಮೆಲ್ಲನೆ ಎದ್ದು ಹೋದಾಗ ಇಡೀ ಸ್ಟ್ಯಾಂಡ್ ಅಜ್ಜಿಯ ಕಡೆಗೆ ವಾಲಿತು. ನನ್ನ ಕೈಗೆ ಸಿಕ್ಕಿದ್ದರಿಂದ ಅನಾಹುತ ತಪ್ಪಿತು, ಆದರೆ ಆ ಕ್ಷಣವನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ನಮ್ಮಲ್ಲಿರುವುದು ಮೂರು ಮೀಟರಿನ ಅಲ್ಯೂಮಿನಿಯಂ ಬೂಮ್ ಕೋಲು, ಒಂದು ಶಾಟ್‌ಗನ್ ಮೈಕ್ (ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಉದ್ದ ಕೊಳವೆಯ ಮೈಕ್), ಶಾಕ್ ಮೌಂಟ್ (ಕೋಲಿನ ಅದುರು ಮೈಕಿಗೆ ತಾಗದಂತೆ ತಡೆಯುವ ಹಿಡಿಕೆ) ಮತ್ತು ಎರಡು ಸಾಧಾರಣ ಲೈಟ್ ಸ್ಟ್ಯಾಂಡ್‌ಗಳು. ಸಿನಿಮಾದವರು ಬಳಸುವ ಭಾರವಾದ ಸಿ-ಸ್ಟ್ಯಾಂಡ್ ಇಲ್ಲ, ಬಾಡಿಗೆಗೆ ತರುವಷ್ಟು ಹಣವೂ ಇಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಅಲ್ಲಿಗೆ ಹೋಗುತ್ತೇವೆ. ಹಳ್ಳಿಯ ಮನೆಯಲ್ಲಿ ಸಿಗುವ ವಸ್ತುಗಳಿಂದಲೇ ಭದ್ರವಾದ ಆಧಾರ ಕಟ್ಟಲು ದಾರಿ ಇದೆಯೇ?

ಸೆಟ್ಟಿನ ಕೆಲಸದವ:

ತೊಟ್ಟಿಮನೆಯವರೇ, ಅಜ್ಜಿಗೆ ಏನೂ ಆಗಲಿಲ್ಲವೆಂಬುದೇ ದೊಡ್ಡ ಸಮಾಧಾನ. ನಾನು ಬಹಳ ವರ್ಷ ದೀಪ ಮತ್ತು ಸ್ಟ್ಯಾಂಡ್‌ಗಳ ಕೆಲಸ ಮಾಡಿದವನು. ನಿಮ್ಮ ಟೇಪು ಸಡಿಲವಾಗಿದ್ದುದರಿಂದ ಹೀಗಾಯಿತೆಂದು ನನಗೆ ಅನ್ನಿಸುವುದಿಲ್ಲ. ನೀವು ಕೋಲನ್ನು ಹಿಡಿದ ಜಾಗವೇ ತಪ್ಪಾಗಿತ್ತು.

ಬಾವಿಯಿಂದ ನೀರೆತ್ತುವ ಏತವನ್ನು ನೆನಪಿಸಿಕೊಳ್ಳಿ. ಏತದ ಮರವನ್ನು ಯಾರೂ ಬುಡದಲ್ಲಿ ಕಟ್ಟಿ ನಿಲ್ಲಿಸುವುದಿಲ್ಲ. ಅದನ್ನು ಕಂಬದ ಕವೆಯ ಮೇಲೆ ಕೂರಿಸಿ, ಹಿಂದಿನ ತುದಿಗೆ ಕಲ್ಲು ಕಟ್ಟುತ್ತಾರೆ. ಬೂಮ್ ಕೋಲಿನ ಲೆಕ್ಕವೂ ಅದೇ. ಕೋಲನ್ನು ಎರಡೂವರೆ ಮೀಟರಿನಷ್ಟು ಎಳೆದಿದ್ದೀರಿ, ಮೈಕ್, ಶಾಕ್ ಮೌಂಟ್ ಮತ್ತು ಸ್ಪಂಜಿನ ಮುಸುಕು ಸೇರಿ 350 ಗ್ರಾಂ, ಕೋಲು 900 ಗ್ರಾಂ ಎಂದು ಇಟ್ಟುಕೊಳ್ಳೋಣ. ಬುಡದ ಭಾಗ ದಪ್ಪವಾಗಿರುವುದರಿಂದ ಕೋಲಿನ ಸ್ವಂತ ಭಾರದ ಕೇಂದ್ರ ಬುಡದಿಂದ ಸುಮಾರು 1.1 ಮೀಟರಿನಲ್ಲಿ ಬೀಳುತ್ತದೆ. ಬುಡದಲ್ಲೇ ಬಿಗಿದರೆ ಆ ಕಟ್ಟು ತಡೆಯಬೇಕಾದ ತಿರುಗುಬಲ ಮೈಕಿನಿಂದ 0.35 ಗುಣಿಸು 2.5, ಕೋಲಿನಿಂದ 0.9 ಗುಣಿಸು 1.1, ಒಟ್ಟು ಹೆಚ್ಚುಕಡಿಮೆ 1.87 ಕಿಲೋಗ್ರಾಂ-ಮೀಟರ್. ಬುಡದಿಂದ ಒಂದು ಮೀಟರ್ ಮುಂದಕ್ಕೆ ಕವೆಯ ಮೇಲೆ ಇಟ್ಟರೆ ಅದೇ ಬಲ ಸುಮಾರು 0.62ಕ್ಕೆ, ಎಂದರೆ ಮೂರನೇ ಒಂದು ಪಾಲಿಗೆ, ಇಳಿಯುತ್ತದೆ. ಇನ್ನು ಕವೆಯಿಂದ 90 ಸೆಂಟಿಮೀಟರ್ ಹಿಂದೆ 700 ಗ್ರಾಂ ತೂಗು ಹಾಕಿದರೆ ಕೋಲು ತಾನೇ ತಾನಾಗಿ ಸಮತೂಕಕ್ಕೆ ಬರುತ್ತದೆ.

ಆದರೆ ನೀವು 700 ಗ್ರಾಂ ಹಾಕಬೇಡಿ, ಒಂದು ಕಿಲೋ ಹಾಕಿ. ಆಗ ಹಿಂದಿನ ತುದಿ ಸ್ವಲ್ಪ ಭಾರವಾಗಿ ಕೆಳಗೆ ಇಳಿಯಲು ನೋಡುತ್ತದೆ, ಆ ತುದಿಯನ್ನು ನಿಮ್ಮ ಎರಡನೆಯ ಸ್ಟ್ಯಾಂಡಿನ ತಲೆಯ ಮೇಲೆ ಒರಗಿಸಿಬಿಡಿ. ಎರಡನೆಯ ಸ್ಟ್ಯಾಂಡಿನ ಮೇಲೆ ಬೀಳುವ ಭಾರ ಮುನ್ನೂರು ಗ್ರಾಂ ಆಸುಪಾಸು ಮಾತ್ರ. ಅದರ ಎತ್ತರವನ್ನು ಏರಿಸಿದರೆ ಮೈಕ್ ಇಳಿಯುತ್ತದೆ, ಇಳಿಸಿದರೆ ಮೈಕ್ ಏರುತ್ತದೆ. ಇಲ್ಲಿ ಯಾವುದೂ ಟೇಪಿನ ಅಥವಾ ತಿರುಪಿನ ಬಿಗಿತವನ್ನು ನಂಬಿ ನಿಂತಿಲ್ಲ. ಯಾರಾದರೂ ಹಿಂದಿನ ಸ್ಟ್ಯಾಂಡನ್ನು ಎಡವಿ ಬೀಳಿಸಿದರೂ ಹಿಂಬದಿ ಕುಸಿದು ಮೈಕ್ ಮೇಲಕ್ಕೆ ಹಾರುತ್ತದೆಯೇ ಹೊರತು ಅಜ್ಜಿಯ ತಲೆಯ ಮೇಲೆ ಇಳಿಯುವುದಿಲ್ಲ. ಮನುಷ್ಯರ ತಲೆಯ ಮೇಲೆ ತೂಗುವ ಯಾವುದೇ ಕಟ್ಟು ಕೆಟ್ಟಾಗ ಯಾವ ಕಡೆಗೆ ಬೀಳುತ್ತದೆ ಎಂಬುದನ್ನು ಕಟ್ಟುವ ಮೊದಲೇ ಯೋಚಿಸಬೇಕು. ಈ ಕಸುಬಿನಲ್ಲಿ ನನಗೆ ಇದಕ್ಕಿಂತ ಮುಖ್ಯವಾದ ಮಾತು ಬೇರೆ ಗೊತ್ತಿಲ್ಲ.

ಕವೆಗೆ ಅಂಗಡಿಯ ಉಪಕರಣವೇ ಬೇಕೆಂದಿಲ್ಲ. ಪೇರಲೆ ಮರದಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಕವಲು ಸುಲಭವಾಗಿ ಸಿಗುತ್ತದೆ, ಮರವೂ ಗಟ್ಟಿ. ಹಿಡಿಕೆಯನ್ನು ಒಂದು ಅಡಿ ಬಿಟ್ಟು ಕತ್ತರಿಸಿ, ಅದನ್ನು ಸ್ಟ್ಯಾಂಡಿನ ಮೇಲ್ಭಾಗದ ಕೊಳವೆಗೆ ಒತ್ತಿಟ್ಟು ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಎರಡು ಕಡೆ ಬಿಗಿಯಾಗಿ ಸುತ್ತಿ. ಟ್ಯೂಬನ್ನು ಎಳೆದು ಹಿಗ್ಗಿಸಿ ಸುತ್ತಬೇಕು. ಅದು ಮತ್ತೆ ಕುಗ್ಗುವಾಗ ಹಿಡಿಯುವ ಹಿಡಿತ ಟೇಪಿಗೆ ಬರುವುದಿಲ್ಲ, ಬಿಚ್ಚಿದಾಗ ಅಂಟೂ ಉಳಿಯುವುದಿಲ್ಲ. ಕವೆಯ ಒಳಗಡೆಗೂ ಟ್ಯೂಬಿನ ಒಂದು ಪದರ ಇರಲಿ, ಕೋಲು ಕೂತ ಮೇಲೆ ಬಾಯಿಗೆ ಅಡ್ಡಲಾಗಿ ಇನ್ನೊಂದು ಪಟ್ಟಿ ಹಾಕಿ.

ಮುಂದಿನ ಸ್ಟ್ಯಾಂಡಿನ ಕಾಲುಗಳನ್ನು ಪೂರ್ತಿ ಅಗಲಿಸಿ, ಒಂದು ಕಾಲು ಮೈಕಿನ ದಿಕ್ಕಿಗೇ ಇರುವಂತೆ ನಿಲ್ಲಿಸಿ. ಸ್ಟ್ಯಾಂಡಿನ ತೆಳ್ಳನೆಯ ಮೇಲಿನ ಕೊಳವೆಯನ್ನು ಕೊನೆಯವರೆಗೆ ಎಳೆಯಬೇಡಿ. ಬೂಮ್ ಕೋಲಿನಲ್ಲೂ ಹಾಗೆಯೇ, ತುದಿಯ ಸಣ್ಣ ಭಾಗವನ್ನು ಆದಷ್ಟು ಒಳಗೇ ಉಳಿಸಿ ದಪ್ಪ ಭಾಗಗಳನ್ನು ಎಳೆದುಕೊಂಡರೆ ಕೋಲು ಕಡಿಮೆ ಬಾಗುತ್ತದೆ. ಬುಡಕ್ಕೆ ಹತ್ತು ಕಿಲೋದಷ್ಟು ಭಾರ ಬೇಕು. ಮರಳು ಚೀಲವಿಲ್ಲದಿದ್ದರೆ ಐದೈದು ಕಿಲೋದ ಎರಡು ಅಕ್ಕಿ ಚೀಲಗಳ ಬಾಯಿಯನ್ನು ಹಗ್ಗದಿಂದ ಜೋಡಿಸಿ, ಕತ್ತೆಯ ಬೆನ್ನಿಗೆ ಹೇರು ಹಾಕಿದ ಹಾಗೆ ಕಾಲಿನ ಎರಡೂ ಬದಿಗೆ ಇಳಿಬಿಡಿ. ಚೀಲ ನೆಲಕ್ಕೆ ತಾಗಿ ಕೂತರೆ ಅದರ ತೂಕವನ್ನು ನೆಲವೇ ಹೊರುತ್ತದೆ, ಸ್ಟ್ಯಾಂಡಿಗೆ ಏನೂ ಸಿಗದು. ಅದು ನೆಲದಿಂದ ನಾಲ್ಕು ಬೆರಳು ಮೇಲಿರಬೇಕು.

ಕರಾವಳಿ ತೋಟ:

ಒಂದು ಸಣ್ಣ ಸಲಹೆ. ನಮ್ಮ ಕಡೆ ಅಡಿಕೆ ಕೊಯ್ಯಲು ಈಗ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಒಡೆದುಹೋದ ದೋಟಿಯ ಉಳಿದ ತುಂಡುಗಳು ಅನೇಕರ ಮನೆಯಲ್ಲಿ ಸುಮ್ಮನೆ ಬಿದ್ದಿರುತ್ತವೆ. ಹಗುರ, ಗಟ್ಟಿ, ಬಾಗುವುದೂ ಕಡಿಮೆ. ಅಲ್ಯೂಮಿನಿಯಂ ಕೋಲಿನ ಬದಲು ಇದನ್ನೇ ಬಳಸಬಾರದೇಕೆ?

ಸೆಟ್ಟಿನ ಕೆಲಸದವ:

ವಸ್ತು ಒಳ್ಳೆಯದೇ, ಅಂಗಡಿಯಲ್ಲಿ ಸಿಗುವ ದುಬಾರಿ ಬೂಮ್ ಕೋಲುಗಳೂ ಕಾರ್ಬನ್ ಫೈಬರಿನವೇ. ಆದರೆ ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಬಿಡುತ್ತದೆ ಎಂಬುದನ್ನು ದಯವಿಟ್ಟು ಮರೆಯಬೇಡಿ. ತೋಟದಲ್ಲಿ ತಂತಿಯ ಹತ್ತಿರ ದೋಟಿ ಎತ್ತಬಾರದೆಂದು ಹೇಳುವ ಕಾರಣವೂ ಅದೇ. ಹಳೆಯ ಮನೆಗಳಲ್ಲಿ ತೊಲೆಯ ಮೇಲೆ ಹಾದುಹೋದ ವೈರುಗಳ ಹೊದಿಕೆ ಎಷ್ಟೋ ಕಡೆ ಬಿರುಕು ಬಿಟ್ಟಿರುತ್ತದೆ. ಅಲ್ಯೂಮಿನಿಯಂ ಕೋಲಿಗೂ ಇದೇ ಎಚ್ಚರ ಬೇಕು. ಕಟ್ಟುವ ಮೊದಲು ಮೇಲೆ ನೋಡಿ, ಫ್ಯಾನ್ ಇದ್ದರೆ ಅದರ ಸ್ವಿಚ್ಚಿಗೆ ಟೇಪ್ ಅಂಟಿಸಿ. ಚಿತ್ರೀಕರಣದ ನಡುವೆ ಸೆಕೆಯಾಯಿತೆಂದು ಮನೆಯವರಲ್ಲಿ ಯಾರಾದರೂ ಒತ್ತಿಬಿಡುವುದು ಸಹಜ.

ಕೊರಳ ಮೈಕ್:

ಇಷ್ಟೆಲ್ಲ ಶ್ರಮವೇಕೆ? ಸೆರಗಿಗೆ ಒಂದು ಲ್ಯಾಪೆಲ್ ಮೈಕ್ ಸಿಕ್ಕಿಸಿದರೆ ಮುಗಿಯಿತಲ್ಲವೇ?

ತೊಟ್ಟಿಮನೆ:

ಅದನ್ನೂ ಪ್ರಯತ್ನಿಸಿದ್ದೇವೆ. ಅಜ್ಜಿ ಹಾಡುವಾಗ ಕೈಯಲ್ಲಿ ಸೆರಗನ್ನು ಮುದುಡುತ್ತಾ ಬಿಡಿಸುತ್ತಾ ಇರುತ್ತಾರೆ; ಆ ಸರಸರ ಸದ್ದು ಪದದ ಮೇಲೆ ಕೂತುಬಿಡುತ್ತದೆ. ಕರಿಮಣಿ ತಾಗುವ ಸದ್ದು ಬೇರೆ. ಅದಕ್ಕಿಂತ ಹೆಚ್ಚಾಗಿ, ಮೈಮೇಲೆ ಏನೋ ಕಟ್ಟಿದ್ದಾರೆ ಎಂಬ ಅರಿವು ಬಂದ ಕೂಡಲೇ ಅವರ ದನಿ ಚಿಕ್ಕದಾಯಿತು. ಹಾಗೆ ಹಾಡಿಸುವುದು ಅವರಿಗೂ ಅವರ ಪದಕ್ಕೂ ನ್ಯಾಯವಲ್ಲ ಎಂದು ತೆಗೆದುಬಿಟ್ಟೆವು.

ದನಿ ಜೋಡಣೆ:

ಲ್ಯಾಪೆಲ್ ಮೈಕನ್ನು ತೆಗೆದದ್ದು ಸರಿಯಾದ ನಿರ್ಧಾರ. ಸ್ಟ್ಯಾಂಡಿನ ಕಟ್ಟಿನ ಬಗ್ಗೆ ಮೇಲಿನವರು ಹೇಳಿದ್ದಾರೆ, ನಾನು ಧ್ವನಿಯ ಕಡೆಯಿಂದ ಬರೆಯುತ್ತೇನೆ.

ಬೂಮ್ ಹಿಡಿಯುವವರು ತಮ್ಮ ತೋಳಿನಿಂದ ಮಾಡುವ ಕೆಲಸ ಅರ್ಧ ಮಾತ್ರ. ಇನ್ನರ್ಧವನ್ನು ಕಿವಿ ಮತ್ತು ಕಣ್ಣಿನಿಂದ ಮಾಡುತ್ತಾರೆ. ಮಾತಾಡುವವರು ತಲೆ ಹೊರಳಿಸುವ ಮೊದಲೇ ಕೋಲು ಆ ಕಡೆಗೆ ಹೊರಟಿರುತ್ತದೆ. ನಿಮ್ಮ ಸ್ಟ್ಯಾಂಡಿಗೆ ಅದು ಬಾರದು. ಹಾಗಾಗಿ ಕೋಲನ್ನು ನಿಲ್ಲಿಸುವುದಕ್ಕಿಂತ ಮುಂಚೆ ಅಜ್ಜಿಯ ಆಸನವನ್ನು ನಿಲ್ಲಿಸಿ. ಕಂಬಕ್ಕೆ ಒರಗಿ ಕೂರುವ ಅಭ್ಯಾಸವಿದ್ದರೆ ಅಲ್ಲೇ ಕೂರಿಸಿ, ಪ್ರಶ್ನೆ ಕೇಳುವವರನ್ನು ಕ್ಯಾಮೆರಾದ ಪಕ್ಕಕ್ಕೇ ಕೂರಿಸಿ. ಅವರು ಎತ್ತ ಕೂತಿದ್ದಾರೋ ಅಜ್ಜಿಯ ಮುಖ ಅತ್ತಲೇ ಇರುತ್ತದೆ.

ಮೈಕ್ ಬಾಯಿಂದ 45 ಸೆಂಟಿಮೀಟರ್ ಅಂತರದಲ್ಲಿ, ಹಣೆಯ ಮುಂದೆ ಮೇಲಿನಿಂದ ಇಳಿಯುವಂತೆ ಬರಲಿ. ಅದರ ಮೂತಿಯನ್ನು ನೇರವಾಗಿ ಬಾಯಿಗೆ ಗುರಿ ಇಡುವ ಬದಲು ಗಂಟಲಿನ ಕೆಳಗಿನ ಎದೆಯ ಭಾಗಕ್ಕೆ ತಿರುಗಿಸಿ. ಆಗ ಅಜ್ಜಿ ತಲೆ ತೂಗಿದರೂ ಬಾಯಿ ಮೈಕಿನ ಮುಂದಿನ ಸೀಮೆಯಿಂದ ಆಚೆ ಹೋಗುವುದಿಲ್ಲ. ಅಂತರ ಎರಡು ಪಟ್ಟಾದರೆ ನೇರ ಧ್ವನಿ 6 ಡೆಸಿಬೆಲ್ ಕುಸಿಯುತ್ತದೆ, ಆದರೆ ಕೋಣೆಯ ಗುಂಯ್ ಎನ್ನುವ ಪ್ರತಿಧ್ವನಿ ಇದ್ದಷ್ಟೇ ಇರುತ್ತದೆ. ಚೌಕಟ್ಟಿನ ಅಂಚಿನ ಭಯಕ್ಕೆ ಮೈಕನ್ನು ಒಂದು ಮೀಟರ್ ದೂರ ಒಯ್ದರೆ ಹಾಡು ಬಾವಿಯೊಳಗಿಂದ ಬಂದಂತೆ ಕೇಳಿಸುವುದು ಇದರಿಂದಲೇ. ಕ್ಯಾಮೆರಾದವರ ಜೊತೆ ಮಾತಾಡಿ, ಚೌಕಟ್ಟಿನ ಮೇಲಂಚನ್ನು ಎರಡು ಬೆರಳಿನಷ್ಟು ಬಿಗಿ ಮಾಡಿಸಿಕೊಳ್ಳಿ. ಮುಖ್ಯ ದೀಪ ಯಾವ ಕಡೆಯಿಂದ ಬರುತ್ತದೆಯೋ ಅದರ ಎದುರು ಬದಿಯಿಂದ ಕೋಲನ್ನು ತಂದರೆ ಅದರ ನೆರಳು ಮುಖದ ಮೇಲೂ ಹಿಂದಿನ ಗೋಡೆಯ ಮೇಲೂ ಬೀಳುವ ಸಂಭವ ಕಡಿಮೆ.

ಗಟ್ಟಿ ಗೋಡೆಗಳ ಸಣ್ಣ ಕೋಣೆಯಾದರೆ ಶಾಟ್‌ಗನ್ ಮೈಕ್ ಅಷ್ಟು ಒಪ್ಪುವುದಿಲ್ಲ. ಬದಿಯಿಂದ ಬರುವ ಪ್ರತಿಧ್ವನಿಯ ಬಣ್ಣವನ್ನು ಅದರ ಕೊಳವೆ ಕೆಡಿಸುತ್ತದೆ. ಯಾರಲ್ಲಾದರೂ ಹೈಪರ್‌ಕಾರ್ಡಿಯಾಯ್ಡ್ ಮೈಕ್ (ಉದ್ದ ಕೊಳವೆಯಿಲ್ಲದೆಯೇ ಮುಂದಿನ ಸದ್ದನ್ನು ಹೆಚ್ಚಾಗಿ ಹಿಡಿಯುವ ಮೈಕ್) ಸಿಕ್ಕರೆ ಎರವಲು ತನ್ನಿ, ಅದು ಗಿಡ್ಡ, ತೂಕವೂ ಕಡಿಮೆ. ಜಗಲಿಯಂಥ ತೆರೆದ ಜಾಗವಾದರೆ ನಿಮ್ಮದೇ ಸಾಕು.

ಕೊನೆಯದಾಗಿ ನೆಲ. ಶಾಕ್ ಮೌಂಟ್ ತಡೆಯುವುದು ತಕ್ಕಮಟ್ಟಿಗೆ ಮಾತ್ರ. ಹೆಡ್‌ಫೋನ್ ಹಾಕಿಕೊಂಡು, ರೆಕಾರ್ಡರಿನ ಗೇನ್ ಹೆಚ್ಚಿಸಿ, ಮನೆಯವರಿಗೆ ಎಂದಿನಂತೆ ಓಡಾಡಲು ಹೇಳಿ ಎರಡು ನಿಮಿಷ ಕೇಳಿ. ಹೆಜ್ಜೆ ಕೇಳಿಸಿದರೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ಗೋಣಿ ಚೀಲ ಮಡಿಸಿ ಹಾಕಿ. 80 ಹರ್ಟ್ಜ್ ಲೋ-ಕಟ್ (ಅದಕ್ಕಿಂತ ಕೆಳಗಿನ ಗುಡುಗು ಸದ್ದನ್ನು ಸೋಸುವ ವ್ಯವಸ್ಥೆ) ಹಾಕಿದರೆ ಅಜ್ಜಿಯ ದನಿಗೆ ನಷ್ಟವಿಲ್ಲ, ಆದರೆ ಗೋಣಿ ಚೀಲದ ಕೆಲಸವನ್ನು ಅದಕ್ಕೆ ಒಪ್ಪಿಸಬೇಡಿ.

ರಂಗದ ಹಿಂದೆ:

ಚರ್ಚೆಗೆ ಸಂಬಂಧಿಸಿದ ಒಂದು ಮಾತನ್ನು ಸೇರಿಸುತ್ತೇನೆ. ಹಾಲಿವುಡ್ಡಿನಲ್ಲಿ ಮಾತಿನ ಚಿತ್ರಗಳು ಶುರುವಾದ ಹೊಸತರಲ್ಲಿ ಮೈಕನ್ನು ಒಂದೇ ಕಡೆ ಬಚ್ಚಿಡುತ್ತಿದ್ದರು, ನಟರು ಅದರ ಹತ್ತಿರವೇ ನಿಂತು ಮಾತಾಡಬೇಕಿತ್ತು. 1929ರಲ್ಲಿ ನಿರ್ದೇಶಕಿ ಡೊರೊಥಿ ಆರ್ಜ್ನರ್ ಅವರು ನಟಿಗೆ ಓಡಾಡುವ ಸ್ವಾತಂತ್ರ್ಯ ಸಿಗಲೆಂದು ಮೈಕನ್ನು ಮೀನು ಹಿಡಿಯುವ ಗಾಳದ ಕೋಲಿಗೆ ಕಟ್ಟಿಸಿದರು. ಬೂಮ್ ಎಂಬ ಉಪಕರಣದ ಆರಂಭದ ಹೆಜ್ಜೆಗಳಲ್ಲಿ ಅದನ್ನು ಹೆಸರಿಸುತ್ತಾರೆ. ಪೇರಲೆಯ ಕವೆ, ಸೈಕಲ್ ಟ್ಯೂಬು ಎಂದು ಯಾರೂ ಸಂಕೋಚಪಡಬೇಕಿಲ್ಲ. ಈ ಸಾಧನ ಬಂದದ್ದೇ ಹಾಗೆ.

ನಾಟಕದವರಾಗಿ ನಮ್ಮ ಅನುಭವವನ್ನೂ ಹೇಳುತ್ತೇನೆ. ಹೆಂಚಿನ ಮನೆಯಾದ್ದರಿಂದ ತೊಲೆಗೆ ಹಗ್ಗ ಇಳಿಬಿಟ್ಟು ಕೋಲನ್ನು ತೂಗುಹಾಕುವ ಯೋಚನೆ ನಿಮಗೂ ಬಂದಿರಬಹುದು. ನಾವು ಮಾಡಿ ನೋಡಿದೆವು. ಒಂದು ಹಗ್ಗದಲ್ಲಿ ತೂಗಿದರೆ ಗಾಳಿಗೆ ಸುತ್ತುತ್ತದೆ, ಎರಡರಲ್ಲಿ ತೂಗಿದರೆ ಉಯ್ಯಾಲೆಯಾಗುತ್ತದೆ, ಮೂರು ದಿಕ್ಕಿಗೆ ಎಳೆದು ಕಟ್ಟಿದರೆ ಮಾತ್ರ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಇಡೀ ಕೋಣೆ ಜೇಡರ ಬಲೆಯಾಗಿರುತ್ತದೆ. ಎರಡು ಸ್ಟ್ಯಾಂಡಿನ ಉಪಾಯವೇ ಮೇಲು.

ತೊಟ್ಟಿಮನೆ:

ಎಲ್ಲರಿಗೂ ಮನಸಾರೆ ವಂದನೆಗಳು. ನಿನ್ನೆ ಅಲ್ಲಿಗೆ ಹೋಗಿ ಬಂದೆವು. ಆದದ್ದನ್ನು ವಿವರವಾಗಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾದೀತು.

ಅಜ್ಜಿಯ ಮಗ ಹಿತ್ತಲಿನ ಪೇರಲೆ ಮರದಿಂದ ಎರಡು ಕವೆಗಳನ್ನು ಕಡಿದು ಕೊಟ್ಟರು. ಮೊದಲನೆಯದರ ಕವಲು ತುಂಬ ಅಗಲವಾಗಿ ಕೋಲು ಒಳಗೆ ಹೊರಳಾಡಿತು; ಎರಡನೆಯದು ಕೋಲಿಗೆ ಅಳೆದು ಮಾಡಿಸಿದ ಹಾಗಿತ್ತು. ಸಿಪ್ಪೆ ಸುಲಿದಾಗ ಹಸಿ ಕೊಂಬೆ ಜಾರುತ್ತಿದ್ದುದರಿಂದ ಒಲೆಯ ಪಕ್ಕ ಒಂದು ಗಂಟೆ ಒಣಗಿಸಿ, ಆಮೇಲೆ ಟ್ಯೂಬ್ ಸುತ್ತಿದೆವು. ಒಂದು ಬೆರಳಗಲದ ಪಟ್ಟಿ, ಕೆಳಗೆ ಎಂಟು ಸುತ್ತು, ಮೇಲೆ ಎಂಟು ಸುತ್ತು. ಎರಡೂ ಕೈಯಿಂದ ತಿರುಗಿಸಲು ನೋಡಿದರೂ ಕವೆ ಅಲುಗಲಿಲ್ಲ. ಹಿಂದಿನ ತೂಕಕ್ಕೆ ಮರಳನ್ನು ದಪ್ಪನೆಯ ಬಟ್ಟೆಯ ಚೀಲದಲ್ಲಿ ತುಂಬಿ, ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಕಿಲೋ ತೂಗಿ, ಕೋಲಿಗೆ ಹತ್ತಿರವಾಗಿ ಕಟ್ಟಿದೆ. ಮೊದಲು ಒಂದು ಲೀಟರಿನ ನೀರಿನ ಬಾಟಲಿ ಕಟ್ಟಿದ್ದೆ, ಆದರೆ ಪೂರ್ತಿ ತುಂಬಿರದ ಕಾರಣ ಕೋಲನ್ನು ಮುಟ್ಟಿದಾಗಲೆಲ್ಲ ನೀರು ಕುಲುಕುವುದು ಹೆಡ್‌ಫೋನಿನಲ್ಲಿ ಕೇಳಿಸಿತು.

ಎಲ್ಲ ಕಟ್ಟಿದ ಮೇಲೆ, ಅಜ್ಜಿಯನ್ನು ಕೂರಿಸುವ ಮೊದಲು, ಖಾಲಿ ಮಣೆಯ ಮೇಲೆ ಮೈಕ್ ನಿಲ್ಲಿಸಿ ಹಿಂದಿನ ಸ್ಟ್ಯಾಂಡನ್ನು ಬೇಕೆಂದೇ ಸರಿಸಿದೆ. ಹಿಂಬದಿ ಕೆಳಗಿಳಿಯಿತು, ಮೈಕ್ ಮೇಲಕ್ಕೆ ಹೋಗಿ ಜಂತೆಗೆ ಒಂದು ಗೇಣು ಕೆಳಗೆ ನಿಂತಿತು. ಅದನ್ನು ಕಣ್ಣಾರೆ ಕಂಡ ಮೇಲೆಯೇ ನನ್ನ ಮನಸ್ಸು ಹಗುರವಾಯಿತು.

ಎರಡು ತೊಂದರೆಗಳು ಬಂದವು. ಜಗಲಿಯ ಒಂದು ಭಾಗ ಮರದ ಹಲಗೆಯದು. ಒಳಗೆ ಯಾರು ನಡೆದರೂ ಧಪ್ ಧಪ್ ಎಂದು ಮೈಕಿಗೆ ಬರುತ್ತಿತ್ತು. ಗೋಣಿ ಚೀಲವನ್ನು ನಾಲ್ಕು ಪದರ ಮಡಿಸಿ ಪ್ರತಿ ಕಾಲಿನ ಕೆಳಗೆ ಇಟ್ಟಾಗ ಮುಕ್ಕಾಲು ಪಾಲು ಕಡಿಮೆಯಾಯಿತು, ಮುಂದಿನ ಸ್ಟ್ಯಾಂಡನ್ನು ಗಾರೆ ನೆಲದ ಕಡೆಗೆ ಒಂದೂವರೆ ಅಡಿ ಸರಿಸಿದಾಗ ಪೂರ್ತಿ ಹೋಯಿತು. ಇನ್ನೊಂದು, ಆಗಾಗ ಟಿಕ್ ಎನ್ನುವ ಸದ್ದು. ಶಾಕ್ ಮೌಂಟ್, ಕೋಲಿನ ಕೀಲು, ಕವೆ ಎಲ್ಲವನ್ನೂ ನೋಡಿದೆ. ಕೊನೆಗೆ ಗೊತ್ತಾದದ್ದು, ಕೋಲಿಗೆ ಸುತ್ತಿ ತಂದ ಕೇಬಲ್ ಕವೆಯ ಬಳಿ ಇಳಿಬಿದ್ದು ಸ್ಟ್ಯಾಂಡಿನ ತಿರುಪಿಗೆ ಬಡಿಯುತ್ತಿತ್ತು ಎಂದು. ಮೈಕಿನ ಹಿಂದೆ ಸಡಿಲವಾದ ಒಂದು ಕುಣಿಕೆ ಬಿಟ್ಟು, ಉಳಿದದ್ದನ್ನು ಕೋಲಿಗೆ ಬಿಗಿದು, ಹಿಂದಿನ ತುದಿಯಿಂದ ನೆಲಕ್ಕೆ ಇಳಿಸಿದೆ. ಆಮೇಲೆ ಸದ್ದಿಲ್ಲ.

ಅಜ್ಜಿ 52 ನಿಮಿಷ ಹಾಡಿದರು. ಮೈಕ್ ಕೂದಲೆಳೆಯಷ್ಟೂ ಇಳಿಯಲಿಲ್ಲ. ಎರಡು ಕೈಯೂ ಖಾಲಿ ಇದ್ದುದರಿಂದ ನಾನು ಮೊದಲ ಬಾರಿಗೆ ಅವರ ಹಾಡನ್ನು ಸರಿಯಾಗಿ ಕೇಳಿದೆ. ಒಂದು ಪದದಲ್ಲಿ ಸಾಲಿನ ಕೊನೆಗೆ ಅವರು ಉಸಿರನ್ನು ಒಳಗೆಳೆದುಕೊಳ್ಳುವ ಸಣ್ಣ ಸದ್ದಿದೆ, ಅದು ಹಿಂದಿನ ಎರಡು ದಿನದ ಧ್ವನಿಯಲ್ಲಿ ಎಲ್ಲೂ ಇರಲಿಲ್ಲ.

ಇನ್ನೊಂದು ಪ್ರಶ್ನೆ ಉಳಿದಿದೆ. ಮುಂದಿನ ವಾರ ಅಜ್ಜಿಯ ಮಗಳು ಜೊತೆಗೆ ಕೂತು ಸೊಲ್ಲು ಹಿಡಿಯುತ್ತಾರೆ. ಒಂದೇ ಮೈಕಿನಲ್ಲಿ ಇಬ್ಬರನ್ನೂ ಹಿಡಿಯುವುದೇ, ಇನ್ನೊಂದು ಕವೆ ಕಟ್ಟುವುದೇ?

ದನಿ ಜೋಡಣೆ:

ಸೊಲ್ಲು ಹಿಡಿಯುವವರು ಮಗ್ಗುಲಿಗೇ, ಭುಜಕ್ಕೆ ಭುಜ ತಾಗುವಂತೆ ಕೂರುವುದಾದರೆ ಒಂದೇ ಮೈಕ್ ಸಾಕು. ಅದನ್ನು ಇಬ್ಬರ ನಡುವಿಗೆ ತಂದು, ಒಂದು ಗೇಣು ಎತ್ತರಿಸಿ, ಮೂತಿಯನ್ನು ಸ್ವಲ್ಪ ಅಜ್ಜಿಯ ಕಡೆಗೆ ತಿರುಗಿಸಿ. ಮಗಳ ದನಿ ಸಹಜವಾಗಿಯೇ ಗಟ್ಟಿಯಾಗಿರುತ್ತದೆ, ಅವರು ತುಸು ಬದಿಗೆ ಬಿದ್ದರೂ ತೂಕ ಸರಿಹೋಗುತ್ತದೆ. ಎರಡು ಮೈಕ್ ಇಡುವುದಾದರೆ ಮೈಕಿನಿಂದ ಬಾಯಿಗೆ ಇರುವ ಅಂತರದ ಮೂರು ಪಟ್ಟಾದರೂ ಮೈಕಿನಿಂದ ಮೈಕಿಗೆ ಇರಬೇಕು. ಒಂದು ಮೀಟರ್ ದಾಟಲು ಧ್ವನಿಗೆ ಸುಮಾರು 3 ಮಿಲಿಸೆಕೆಂಡ್ ಬೇಕು. ಒಂದೇ ದನಿ ಎರಡು ಮೈಕಿಗೆ ಅಷ್ಟು ತಡವಾಗಿ ಸೇರಿ, ಬೆರೆಸಿದಾಗ ಟೊಳ್ಳಾಗಿ ಕೇಳಿಸುತ್ತದೆ. ಅಷ್ಟು ದೂರ ತಾಯಿ ಮಗಳನ್ನು ಕೂರಿಸಿದರೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಾಡಲಾರರು.

ಸೆಟ್ಟಿನ ಕೆಲಸದವ:

ಮೈಕನ್ನು ಎತ್ತರಿಸಲು ಹಿಂದಿನ ಸ್ಟ್ಯಾಂಡನ್ನು ಮಾತ್ರ ಇಳಿಸಿದರೆ ಮೂತಿಯ ಕೋನವೂ ಬದಲಾಗುತ್ತದೆ, ಅದನ್ನು ಆಮೇಲೆ ಶಾಕ್ ಮೌಂಟಿನಲ್ಲಿ ತಿದ್ದಿಕೊಳ್ಳಿ. ಆ ಕವೆಯನ್ನು ಬಿಸಾಡಬೇಡಿ. ಒಣಗಿದ ಮೇಲೆ ಮರ ಸ್ವಲ್ಪ ಕುಗ್ಗುತ್ತದೆ, ಮುಂದಿನ ಸಲ ಟ್ಯೂಬನ್ನು ಬಿಚ್ಚಿ ಹೊಸದಾಗಿ ಸುತ್ತಿ.

ತೊಟ್ಟಿಮನೆ:

ಹಾಗೆಯೇ ಮಾಡುತ್ತೇನೆ. ಕವೆ ಅವರ ಮನೆಯ ಅಟ್ಟದ ಮೇಲಿದೆ. ಎರಡೂ ಸ್ಟ್ಯಾಂಡಿನ ಕಾಲುಗಳಿದ್ದ ಜಾಗವನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ ಬಂದಿದ್ದೇನೆ. ಜಗಲಿ ಒರೆಸುವಾಗ ಅದನ್ನು ಅಳಿಸದೆ ಬಿಡುತ್ತೇನೆಂದು ಅಜ್ಜಿಯ ಮೊಮ್ಮಗಳು ಹೇಳಿದ್ದಾಳೆ.